ಜಿಂಕ್ ಮಾತ್ರೆ ತಲೆಗೋ, ಮೈಗೋ?

ಕುದೂರಲ್ಲಿ ನಂದೊಂದು ಮೆಡಿಕಲ್ ಶಾಪು. ಜನಕ್ಕೆ ಜ್ವರ ಬಂದರೆ ನನ್ನ ತಲೆ ಕೆಡುತ್ತೆ, ಬರದಿದ್ದರೆ ಅಂಗಡಿ ಮುಚ್ಚಬೇಕು. ವೈರಲ್ ಜ್ವರದ ಕಾಲದಲ್ಲಂತೂ ಇಂಥವು ನಡೀತಾನೇ ಇರುತ್ತವೆ. ಈ ಸಲದ್ದು ಕೇಳಿ.

ಅರ್ಧ, ಅರ್ಧ

ಪಕ್ಕದ ಹಳ್ಳಿಯ ರೇಷ್ಮೆ ಬೆಳೆಗಾರ ಓಡಿಬಂದ.

"ಅಕ್ಕೋ, ನಮ್ಮನೆಯೋಳ್ಗೆ ಜ್ವರ. ಏನೇನೋ ಮಾತಾಡ್ತಾವ್ಳೆ. ಹುಳ ಇನ್ನೇನ್ ಹಣ್ಣಾಯ್ತವೆ, ಗೂಡು ಕಟ್ಟೋವು ಯಾವು ಅಂತ ಆರಿಸಿ ಬಿದಿರಿನ ಚಂದ್ರಿಕೆಗೆ ಬುಡೋಳು, ಹಣ್ಣಾಗ್ದೋವ್ಕೆ ಇನ್ನೂ ಸೊಪ್ಪು ಹಾಕೋಳು ಅವ್ಳೇಯ. ನಂಗೆ ಗೊತ್ತಾಗಾಕಿಲ್ಲ. ಜಿಂಕ್ ಮಾತ್ರೆ ಕೊಡಿ, ತಲೆ ಸರಿ ಹೋಯ್ತದಂತೆ."

"ಮಾತ್ರೆ ಆಮೇಲೆ ಕಣಯ್ಯ, ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗು!" ಅಂತ ಗದರಿದೆ.

"ಹಂಗಾರೆ ಜಿಂಕು ತಲೆಗಲ್ವಾ? ಮೈಗಾ?"

ಮಿದುಳಿಗೂ ಬೇಕು, ರೋಗ ತಡೆಯೋ ಶಕ್ತಿಗೂ ಬೇಕು, ಆದರೆ ಅದೊಂದೇ ಜ್ವರ ಓಡಿಸಲ್ಲ ಅಂತ ಬಿಡಿಸಿ ಹೇಳಿದೆ. ತಲೆಯಾಡಿಸಿದ.

"ಸರಿ ಬುಡಿ. ಅರ್ಧ ನುಂಗ್ಸಿ, ಅರ್ಧ ತಲೆಗೆ ತಿಕ್ತೀನಿ."

ಎಲ್ಲರ ಮುದ್ದೆಗೂ

ಪುಣ್ಯಕ್ಕೆ ಮಾಗಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವರು ಡ್ರಿಪ್ ಹಾಕಿ, ಜ್ವರ ಇಳಿಸಿ ಮನೆಗೆ ಕಳಿಸಿದರು. ಚೀಟಿಯಲ್ಲಿ ಜಿಂಕೂ ಇತ್ತು, ಕೊಟ್ಟೆ. ಮಾರನೇ ದಿನವೇ ಮತ್ತೆ ಹಾಜರ್.

"ಖಾಲಿಯಾಯ್ತಕ್ಕ, ಇನ್ನೊಂದು ಶೀಟ್ ಕೊಡಿ."

"ಅಷ್ಟೂ ಅವಳಿಗೇ ನುಂಗಿಸಿದೆಯಾ?"

"ಇಲ್ಲಕ್ಕ. ಕುಟ್ಟಿ ಪುಡಿ ಮಾಡಿ ಎಲ್ರ ಮುದ್ದೆ ಮ್ಯಾಲೂ ಉದುರ್ಸ್ದೆ. ಒಂದು ಹುಳುಕ್ಕೆ ಕಾಯ್ಲೆ ಬಂದ್ರೆ ತಟ್ಟೆಗೆಲ್ಲ ಔಷಧಿ ಪುಡಿ ಉದುರ್ಸಾಕಿಲ್ವಾ? ಅಂಗೇಯ."

ಒಂದು ಗಳಿಗೆ ನನಗೂ ಅವನೇ ಸರಿ ಅನ್ನಿಸಿಬಿಟ್ಟಿತು, ಶಿವನೇ! "ಯಾರಿಗೂ ಹೊಟ್ಟೆ ತೊಳಸಲಿಲ್ವಾ?" ಅಂದೆ.

"ಎಲ್ರಿಗೂ ತೊಳುಸ್ತು. ಅದುಕ್ಕೇ ಇನ್ನೊಂದು ಶೀಟ್ ಕೇಳ್ತಿರದು."

ಪರೀಕ್ಷೆ

ಅಂತೂ ಜ್ವರ ಬಿಟ್ಟು ಅವಳು ಎದ್ದು ಕೂತಳು. ಅಷ್ಟರಲ್ಲಿ ಹುಳವೂ ಹಣ್ಣಾಗತೊಡಗಿತ್ತು. ಇವನಿಗೋ ಅನುಮಾನ, ಇವಳ ತಲೆ ತಿಳಿಯಾಗಿದೆಯೋ ಇಲ್ಲವೋ ಅಂತ. ತಪ್ಪು ಹುಳ ಆರಿಸಿದರೆ ಬೆಳೆಯೇ ಹೋಯಿತಲ್ಲ! ಮಾತ್ರೆ ಕೊಟ್ಟವಳು ನಾನು ಅಂತ ನನ್ನನ್ನೂ ಮನೆಗೆ ಕರೆಸಿದ.

ಹುಳದ ತಟ್ಟೆ ತಂದು ಅವಳ ಮುಂದಿಟ್ಟ. ಅವಳು ಒಂದೊಂದೇ ಹುಳ ಎತ್ತಿ ಬೆಳಕಿಗೆ ಹಿಡಿದು, ಕೆಲವನ್ನು ಚಂದ್ರಿಕೆಗೆ ಬಿಟ್ಟಳು, ಕೆಲವನ್ನು ತಟ್ಟೆಗೇ ಹಾಕಿದಳು.

"ಸರಿಯಾಗಿ ಆರಿಸ್ತಿದಾಳಾ?" ಪಿಸುಗುಟ್ಟಿದೆ.

"ನಂಗೇನ್ ಗೊತ್ತಕ್ಕ? ಅದುಕ್ಕೇ ಅಲ್ವಾ ನಿಮ್ಮನ್ನ ಕರ್ಸಿದ್ದು?"

ನಾನು ಹುಟ್ಟಿದಾಗಿನಿಂದ ಒಂದು ಹುಳವನ್ನೂ ಮುಟ್ಟಿದವಳಲ್ಲ. ಇಬ್ಬರೂ ಕಣ್ಣುಕಣ್ಣು ಬಿಟ್ಟುಕೊಂಡು ನಿಂತೆವು.

ಅವಳು ತಲೆಯೆತ್ತಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಬಾಗಿಲಲ್ಲಿದ್ದ ಅತ್ತೆಯನ್ನು ಕೂಗಿದಳು:

"ಅತ್ತೇ, ಇವೆರಡು ಇನ್ನೂ ಹಣ್ಣಾಗಿಲ್ಲ. ಒಸಿ ಸೊಪ್ಪು ಹಾಕಿ!"