ದೇವದುರ್ಗದ ಕರೆ ಬೇಡ

ಇನ್ನೊಬ್ಬರ ಮುಖದ ಮೇಲೆ ಬಾಗಿಲು ಹಾಕುವ ಸುಖ ಸರ್ಕಾರಿ ನೌಕರನಿಗಷ್ಟೇ ಗೊತ್ತು. ನಾನೂ ಆ ಸುಖವನ್ನು ಹೊಟ್ಟೆ ತುಂಬ ಉಂಡವನೇ. ಒಂದು ಬಾಗಿಲು ಮಾತ್ರ ನನ್ನ ಮೂಗಿಗೇ ಬಡಿಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಹಳ್ಳಿಗಳ ಬೋರಿಂಗ್ ರಿಪೇರಿ ನೋಡಿಕೊಳ್ಳುವ ರಾಯಚೂರಿನ ಕಚೇರಿಯಲ್ಲಿ ನಾನು ಹಿರಿಯ ಗುಮಾಸ್ತ. ಫೋನುಗಳೆಲ್ಲ ಮೊದಲು ಆಪರೇಟರ್ ಹನುಮಕ್ಕನ ಬೋರ್ಡಿಗೆ ಬರುತ್ತಿದ್ದವು. ಆಕೆ ವೈರು ಚುಚ್ಚಿದರೆ ಮಾತ್ರ ಸಾಹೇಬರ ಫೋನು ಬಡಿದುಕೊಳ್ಳುತ್ತಿತ್ತು. ಆಕೆಯೋ, ಎಲ್ಲರಿಗೂ ಚುಚ್ಚುವವಳು. ಬಾಗಲವಾಡದವರು ಮಾನ್ವಿಯ ಅಂಚೆ ಕಚೇರಿಗೆ ಬಂದು ಟ್ರಂಕ್ ಕಾಲ್ ಹಚ್ಚಿ, "ಬೋರಿಂಗ್ ಕೆಟ್ಟು ನಿಂತದ್ರೀ" ಎಂದರೂ ನೇರ ಸಾಹೇಬರ ಕಿವಿಗೇ. ನೀರಿನ ಕಚೇರಿಗೆ ಫೋನು ಮಾಡಿ ಜನ ನೀರಿನ ಮಾತಾಡುವುದೇ? ಸಾಹೇಬರಿಗೆ ತಲೆನೋವು ಬಂತು.

"ನನ್ನ ಖೋಲಿ ಏನು ಬಸ್ ಸ್ಟ್ಯಾಂಡ್ ಏನ್ರೀ? ಯಾರ್ನ ಬಿಡಬೇಕು, ಯಾರ್ನ ಬಿಡಬಾರ್ದು, ಪಟ್ಟಿ ಮಾಡ್ರಿ" ಎಂದರು.

ಮಾಡಿದೆ. ಒಂದು, ಮೇಲಿನ ಕಚೇರಿಯ ಕರೆ ಕೊಡುವುದು. ಎರಡು, ದೇವದುರ್ಗದ ಕರೆ ಬೇಡ. ಅಲ್ಲಿಯ ಕಾಂಟ್ರಾಕ್ಟರನೊಬ್ಬ ದಿನಾ ಜೀವ ತಿನ್ನುತ್ತಿದ್ದ, ಅವನೊಬ್ಬನಿಗಾಗಿ ಇಡೀ ತಾಲ್ಲೂಕಿಗೇ ಚಿಲಕ ಹಾಕಿದೆ. ಮೂರು, ಸಾಹೇಬರ ಮನೆಯವರ ಕರೆ ಕೊಡುವುದು. ನಾಲ್ಕು, ಉಳಿದವರು ಯಾರೂ ಬೇಡ. ಕೆಳಗೆ ನನ್ನ ದೊಡ್ಡ ಸಹಿ.

"ಸರ್, ಮ್ಯಾಲಿಂದ ಒಂದೊಂದ ನೋಡ್ಕೊಂತ ಬರ್ಲೇನ್ರೀ? ಕರೆ ಯಾವ ಸಾಲಿಗೆ ಕೂಡ್ತದೋ ಅಲ್ಲಿಗೇ ನಿಲ್ಲಿಸ್ಲೇನ್ರೀ?" ಹನುಮಕ್ಕ ಕೇಳಿದಳು.

"ಹೂನವ್ವಾ. ನಿನ್ನ ತಲಿ ಓಡಿಸಬ್ಯಾಡ, ಬರೆದಷ್ಟು ಮಾಡು."

ಒಂದು ವಾರ ಕಚೇರಿ ಸ್ವರ್ಗವಾಗಿತ್ತು. ಆಮೇಲೆ ಸಾಹೇಬರ ಹೆಂಡತಿ ತವರಿಗೆ ಹೋದರು. ತವರು ದೇವದುರ್ಗ. ಜೀಪು ಕಳಿಸಿ ಎನ್ನಲು ಮೂರು ಸಲ ಫೋನು ಮಾಡಿದರಂತೆ; ಮೂರು ಸಲವೂ ಹನುಮಕ್ಕನ ಬೆರಳು ಎರಡನೆಯ ಸಾಲಿನಲ್ಲೇ ನಿಂತಿತು. ಅಮ್ಮಾವರು ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಬಂದು, ಟ್ರಂಕು ಹಿಡಿದು ನೇರ ಕಚೇರಿಗೇ ನುಗ್ಗಿದರು. ಸಾಹೇಬರು ಪಟ್ಟಿ ತರಿಸಿ ನೋಡಿದರು, ಸಹಿ ನೋಡಿದರು, ನನ್ನನ್ನು ನೋಡಿದರು. ಮನೆಯವರ ಸಾಲನ್ನು ಎರಡಕ್ಕೆ ಹತ್ತಿಸಿ, ದೇವದುರ್ಗವನ್ನು ಮೂರಕ್ಕೆ ಇಳಿಸಿದರು. ಪಟ್ಟಿ ಉಳಿಯಿತು. ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡಿದರು.

ಅಲ್ಲಿ ನನ್ನ ಮನೆಯೆದುರಿನ ಬೋರಿಂಗ್ ಕೆಟ್ಟಿತ್ತು. ನನ್ನಾಕೆ ದೂರದ ಬಾವಿಯಿಂದ ಕೊಡ ಹೊತ್ತು ತರುತ್ತ, ಪ್ರತಿ ಕೊಡಕ್ಕೂ ನನಗೊಂದು ಮಂಗಳಾರತಿ ಮಾಡುತ್ತಿದ್ದಳು. "ಬೋರಿಂಗ್ ಆಫೀಸಿನ ಗಂಡನ್ನ ಕಟ್ಕೊಂಡು ನೀರಿಗೆ ಅಲೀಬೇಕೇನ್ರೀ?" ನಾಚಿಕೆಯಾಗಿ, ಅಂಚೆ ಕಚೇರಿಯಲ್ಲಿ ಅರ್ಧ ದಿನ ಕಾದು ರಾಯಚೂರಿಗೆ ಟ್ರಂಕ್ ಕಾಲ್ ಮಾಡಿದೆ.

"ಸರ್! ಆರಾಮದೀರೇನ್ರೀ? ಎಲ್ಲಿಂದ ಮಾತಾಡಾಕತ್ತೀರಿ?"

"ದೇವದುರ್ಗದಿಂದವ್ವಾ. ಸಾಹೇಬ್ರಿಗೆ ಕೊಡು."

ಕಾಗದದ ಸಪ್ಪಳ ಕೇಳಿಸಿತು. "ಮೂರನೇದಕ್ಕ ಕೂಡ್ತದ್ರೀ ಸರ್. ಬರಂಗಿಲ್ಲ."

"ಹನುಮಕ್ಕ, ಆ ಪಟ್ಟಿ ಬರೆದಾವ ನಾನೇ!"

"ಗೊತ್ತದ್ರೀ. ತಲಿ ಓಡಿಸಬ್ಯಾಡ ಅಂದಾವ್ರೂ ನೀವೇ ಅಲ್ರೀ" ಎಂದು ವೈರು ಕಿತ್ತಳು.

ಹಿಂದೆ ಸರದಿಯಲ್ಲಿ ನಿಂತಿದ್ದ ಮುದುಕನೊಬ್ಬ ನನ್ನ ಮುಖ ನೋಡಿ ಮರುಗಿದ. "ಬೋರಿಂಗ್ ಸಲುವಾಗೇನ್ರೀ? ನಮ್ದೂ ಅದೇ ಗೋಳು. ಯಾವನೋ ಬಾಡ್ಯಾ ನಮ್ಮೂರ ಫೋನ್ ತಗೋಬ್ಯಾಡ್ರಿ ಅಂತ ಬರ್ದಿಟ್ಟಾನಂತ."

"ಹೌದಂತ ಯಜಮಾನ್ರ, ಯಾವನೋ ಬಾಡ್ಯಾ" ಎಂದು ಹೇಳಿ, ಕೊಡ ತರಲು ಮನೆಯ ಕಡೆ ನಡೆದೆ.