ಎಡಕ್ಕೆ ತೇಲಿದ ಯಜಮಾನರು

ನನ್ನ ಹಾಗೇ ನಾಕಾತಮಾಲ್ ಮಾರುವ ಎದುರುಮನೆಯ ಅಸುಸೇನಾ ಇಂಟರ್‌ನೆಟ್ಟಿನಲ್ಲಿ ತನ್ನದೊಂದು ಪುಟ ಮಾಡಿಸಿದ್ದೇ ತಡ, ನನ್ನ ಶನಿವಾರದ ಗಿರಾಕಿಗಳೆಲ್ಲ ರಸ್ತೆ ದಾಟಿಬಿಟ್ಟರು. ಈ ಮಸಾಯಾ ಊರಿನಲ್ಲಿ ನಾಕಾತಮಾಲ್ ಕಟ್ಟಿಯೇ ಮುದುಕಿಯಾದವಳು ನಾನು. ಬಾಳೆ ಎಲೆಯೊಳಗೆ ಮೆಕ್ಕೆಜೋಳದ ಹಿಟ್ಟು, ನಡುವೆ ಹಂದಿಮಾಂಸ. ಇಟ್ಟದ್ದು ಇಟ್ಟಲ್ಲೇ ಬೇಯುತ್ತದೆ. ಪುಟದಲ್ಲಿ ಹಾಗಲ್ಲ.

"ನಂಗೂ ಒಂದು ಪುಟ ಮಾಡಿಕೊಡೇ" ಎಂದೆ, ಕಂಪ್ಯೂಟರ್ ಕಲಿಯುತ್ತಿರುವ ಮೊಮ್ಮಗಳು ಆರ್ಲೆನ್‌ಗೆ. "ಮೇಲೆ ತೀರಿಹೋದ ನಿನ್ನ ತಾತ, ಒಬ್ಬರೇ. ಅವರ ಆಶೀರ್ವಾದ ಇರಲಿ. ಕೆಳಗೆ ನಾಕಾತಮಾಲ್. 'ಶನಿವಾರ ಬೆಳಿಗ್ಗೆ ಬಿಸಿಬಿಸಿ, ಎಲ್ಲರೂ ಬನ್ನಿ' ಅಂತ ಬರಿ."

ಪುಟದಲ್ಲಿ ಯಾವುದು ಎಲ್ಲಿ ಕೂರಬೇಕೆಂದು ವಿಧಿಸುವ ಸಿಎಸ್‌ಎಸ್ ಎಂಬ ಮಹಾಶಾಸ್ತ್ರದ ಪ್ರಕಾರ ಅವಳು ತಾತನ ಫೋಟೋಗೆ 'ಎಡಕ್ಕೆ ತೇಲು' ಎಂದು ಅಪ್ಪಣೆ ಕೊಟ್ಟಳು. ಅವರು ಎಡಕ್ಕೆ ಹೋದರು. ಕೆಳಗಿರಬೇಕಾದ ನಾಕಾತಮಾಲ್, ಅಕ್ಷರ, ಎಲ್ಲ ಸರಸರ ಮೇಲೇರಿ ಅವರ ಬಲಮಗ್ಗುಲಲ್ಲಿ ಕೂತವು.

"ಇದೇನೇ, ಅವರ ಪಕ್ಕಕ್ಕೇ ಹತ್ತಿ ಕೂತ್ವಲ್ಲ?"

"ತೇಲೋರ ಪಕ್ಕ ಜಾಗ ಇದ್ರೆ ಹಿಂದಿನವರು ನುಗ್ತಾರೆ ಅಜ್ಜಿ."

"ತಾತನ ಸುತ್ತ ಚೌಕಟ್ಟು ಹಾಕ್ತೀನಿ ಅಂದ್ಯಲ್ಲ, ಎಲ್ಲಿ?"

"ಮೇಲೊಂದು ಗೆರೆ ಇದೆಯಲ್ಲ, ಅದೇ. ಒಳಗಿರೋರು ತೇಲ್ತಿದ್ರೆ ಚೌಕಟ್ಟು ಅವರನ್ನ ಲೆಕ್ಕಕ್ಕೇ ತಗೊಳಲ್ಲ, ಮುದುರಿಕೊಳ್ಳತ್ತೆ."

(ಬದುಕಿದ್ದಾಗಲೂ ಅವರ ಕಥೆ ಅದೇ. ಸತ್ತ ಮೇಲಾದರೂ ಮರ್ಯಾದೆ ಬೇಡವೇ?)

"ತಾತನ್ನ ದಾಟಿ ಕೆಳಗೆ ನಿಲ್ಲು ಅಂತ ನಾಕಾತಮಾಲ್‌ಗೆ ಹೇಳ್ಬೇಕು ಅಜ್ಜಿ. ಹೇಗೆ ಹೇಳೋದು ಅಂತ ಮರೆತೋಯ್ತು, ಗೆಳತಿನ ಕೇಳ್ತೀನಿ."

"ಆಮೇಲೆ ಕೇಳು ಮಾರಾಯ್ತಿ, ಶನಿವಾರ ಬಂದೇಬಿಡ್ತು. ಮೊದಲು ಊರಿಗೆಲ್ಲ ಕಳಿಸು!" ಎಂದೆ. ಹಾಳು ಬಾಯಿ.

ಶನಿವಾರ ಬೆಳಗಾಗುತ್ತಲೇ ಅಂಗಳ ತುಂಬಿತು. ಹಳೆಯ ಗಿರಾಕಿಗಳು ಒಬ್ಬರೂ ತಪ್ಪದೆ ಬಂದಿದ್ದರು. ಆದರೆ ಎಲ್ಲರೂ ಕಪ್ಪು ಬಟ್ಟೆಯಲ್ಲಿ, ಕೈಯಲ್ಲಿ ಜಪಮಾಲೆ! ನಮ್ಮಲ್ಲಿ ಸತ್ತವರ ಫೋಟೋ ಪಕ್ಕ ನಾಕಾತಮಾಲ್ ಕಂಡರೆ ಅರ್ಥ ಒಂದೇ: ವರ್ಷದ ಪ್ರಾರ್ಥನೆ, ಬಂದವರಿಗೆಲ್ಲ ಪುಕ್ಕಟೆ ಊಟ. (ಅವರು ಹೋದದ್ದು ಮಳೆಗಾಲದಲ್ಲಿ, ಇದು ಕಡುಬೇಸಿಗೆ. ಯಾರಿಗೆ ನೆನಪಿದೆ?)

"ಅಯ್ಯೋ ದೊನ್ಯಾ ಎರ್ಮಿನ್ಯಾ, ನೀವು ಕರೆದ್ಮೇಲೆ ಬರದೇ ಇರ್ತೀವಾ?" ಎಂದು ಅಪ್ಪಿಕೊಂಡು ಅತ್ತವಳು ಅಸುಸೇನಾ. ಅಷ್ಟರಲ್ಲಿ ಯಾರೋ ಜಪ ಶುರುಮಾಡಿಯೇಬಿಟ್ಟರು. ಗಂಡನ ಆತ್ಮಕ್ಕೆ ಶಾಂತಿ ಕೋರುತ್ತಿರುವವರ ಹತ್ತಿರ ದುಡ್ಡು ಕೇಳಲು ಯಾವ ಹೆಂಗಸಿಗೆ ನಾಲಿಗೆ ಏಳುತ್ತದೆ? ಬಡಿಸಿದೆ. ಮೇಲೆ ಕಾಫಿಯನ್ನೂ ಕೊಟ್ಟೆ.

ಆರ್ಲೆನ್ ಓಡಿಬಂದು ಕಿವಿಯಲ್ಲಿ ಉಸುರಿದಳು: "ಅಜ್ಜಿ, ಸರಿಹೋಯ್ತು! ತಾತ ಮೇಲೆ, ನಾಕಾತಮಾಲ್ ಕೆಳಗೆ!"

"ಎಲ್ಲೇ ನಾಕಾತಮಾಲ್? ಹಂಡೆ ನೋಡು."

ಮನೆಗೆ ಒಯ್ಯಲು ಸಿಗದವರು ಕಣ್ಣೊರೆಸಿಕೊಂಡು ರಸ್ತೆ ದಾಟಿ ಅಸುಸೇನಾಳ ಬಾಗಿಲಲ್ಲಿ ಸಾಲುನಿಂತರು. ನನ್ನ ಹೊಟ್ಟೆಗೆ ಬೆಳಗಿನಿಂದ ಏನೂ ಬಿದ್ದಿರಲಿಲ್ಲ. ಆರ್ಲೆನ್‌ಳನ್ನು ಕಳಿಸಿ ನಾನೂ ಅಲ್ಲಿಂದಲೇ ಒಂದು ಕೊಂಡು ತರಿಸಿದೆ. ಎಲೆ ಬಿಚ್ಚಿ ತಿಂದೆ.

ನನ್ನದಕ್ಕಿಂತ ರುಚಿಯಾಗಿತ್ತು.