ಕಾಕಾನಿಗೆ ಆಗಿ ಬರದ ಸೂಜಿ

ನೆಗಡಿಗೆ ಔಷಧ ತೆಗೆದುಕೊಂಡು ನೆಗಡಿಯನ್ನೇ ಮರೆತ ಮನುಷ್ಯ ಇಡೀ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಒಬ್ಬನೇ. ಆತ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ. ಗುಣವಾಗಿ ಮರೆತನೆಂದುಕೊಂಡಿರಾ? ಹಾಗಾಗಿದ್ದರೆ ನಾನೇಕೆ ಬರೆಯುತ್ತಿದ್ದೆ!

ಪೆನ್ಸಿಲಿನ್ ಎಂಬ ಹೆಸರು ಆಗ ನಮ್ಮ ಕಡೆ ಹೊಸದು. ಕಾಕಾನಿಗೆ ಹೊಸದೆಲ್ಲ ಬೇಕು. ಎರಡು ಸೀನು ಬಂದದ್ದೇ ತಡ, ಡಾಕ್ಟರ ಮುಂದೆ ಅಂಗಿಯ ತೋಳು ಮಡಚಿ ಕುಳಿತ.

“ಇದು ಬರೇ ನೆಗಡಿ. ನಾಕ ದಿನಕ್ಕ ತಾನ ಹೋಗ್ತೈತಿ, ಸೂಜಿ ಬ್ಯಾಡ,” ಎಂದರು ಡಾಕ್ಟರು.

“ತಾನ ಹೋಗೂದಾದರ ನೀವ್ಯಾಕ್ರಿ? ಮಾಡ್ರಿ ಸೂಜಿ!”

ಮಾಡಿದರು. ಮನೆ ಮುಟ್ಟುವಷ್ಟರಲ್ಲಿ ಮೈತುಂಬ ದದ್ದು, ತುಟಿ ಕಡುಬಿನಂತೆ ಊದಿತ್ತು, ಕಣ್ಣಿದ್ದ ಜಾಗದಲ್ಲಿ ಎರಡು ಗೆರೆ. ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿ ಅಪ್ಪ, “ಯಾರ್ರಿ ನೀವು? ಯಾವೂರವರು?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವನೇ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಕಾಕಾ ಬದುಕಿಕೊಂಡ. ಆದರೆ ಅಣ್ಣನ ಸಂಗಡ ಮಾತು ಬಿಟ್ಟ, ಹೆಂಡತಿ ಮಕ್ಕಳನ್ನು ಕರೆದುಕೊಂಡು ತಾಳಿಕೋಟೆ ಸೇರಿದ.

ನಮ್ಮಲ್ಲಿ ‘ಆಗಿ ಬರೋದಿಲ್ಲ’ ಎಂಬ ಮಾತನ್ನು ಔಷಧಕ್ಕೂ ಅನ್ನುತ್ತಾರೆ, ಮನುಷ್ಯರಿಗೂ ಅನ್ನುತ್ತಾರೆ. ಕಾಕಾನದು ಒಂದೇ ಮಂತ್ರ: “ನನಗ ಪೆನ್ಸಿಲಿನ್ ಆಗಿ ಬರಾಂಗಿಲ್ಲ. ನಮ್ಮಣ್ಣನೂ ಆಗಿ ಬರಾಂಗಿಲ್ಲ!” ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗಂತೂ ತಪ್ಪದೆ ಹೇಳುತ್ತಿದ್ದ. ಒಮ್ಮೆ ಬಸ್ಸು ಹತ್ತಿದವನೇ ಕಂಡಕ್ಟರನಿಗೆ ತಾಕೀತು ಮಾಡಿದ: “ದಾರ್ಯಾಗ ನಾ ಎಚ್ಚರ ತಪ್ಪಿದರ ಪೆನ್ಸಿಲಿನ್ ಕೊಡಬ್ಯಾಡ್ರಿ.”

“ನನ್ನ ಹತ್ತಿರ ಟಿಕೀಟು ಬಿಟ್ಟರ ಏನೂ ಇಲ್ರೀ ಯಪ್ಪಾ!”

ಅವನ ಎಮ್ಮೆಗೆ ಕೆಚ್ಚಲು ಬಾತಾಗ ದನದ ಡಾಕ್ಟರರನ್ನೂ ಬಿಡಲಿಲ್ಲ. “ಪೆನ್ಸಿಲಿನ್ ಬ್ಯಾಡ್ರಿ. ಇದು ನಮ್ಮ ಮನ್ಯಾಗ ಹುಟ್ಟಿದ್ದೈತಿ,” ಎಂದು ಅಡ್ಡ ನಿಂತ.

“ಎಮ್ಮಿ ನಿಮಗ ರಕ್ತಸಂಬಂಧ ಏನ್ರಿ?” ಎಂದರು ಅವರು. ಎಮ್ಮೆ ಸೂಜಿ ಮಾಡಿಸಿಕೊಂಡು ಮೂರೇ ದಿನಕ್ಕೆ ಹಾಲು ಕೊಟ್ಟಿತು!

ಹೀಗೆ ಮೂರು ವರ್ಷ ಕಳೆದವು. ಆಮೇಲೆ ಅಪ್ಪನಿಗೆ ಗಂಟಲು ಬಾತು ಜ್ವರ ಏರಿತು. ಎರಡು ದಿನ ಗುಟುಕು ನೀರೂ ಇಳಿಯಲಿಲ್ಲ. ಡಾಕ್ಟರು, “ಈ ಸಲ ಪೆನ್ಸಿಲಿನ್ ಬೇಕ ಬೇಕು,” ಎಂದು ಸೂಜಿ ಕುದಿಯಲಿಟ್ಟರು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಯಾರೋ ಹೇಳಿದ ಸುದ್ದಿ ಕೇಳಿ, ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದ್ದ ಕಾಕಾ!

“ನಿಲ್ಲಸ್ರಿ! ಇಬ್ಬರದೂ ಒಂದ ರಕ್ತ ಐತಿ. ಅಣ್ಣಗೂ ಆಗಿ ಬರಲಿಲ್ಲಂದ್ರ?”

ಡಾಕ್ಟರು ನಗಲಿಲ್ಲ. ಅಪ್ಪನ ಮುಂಗೈಗೆ ಒಂದೇ ಹನಿ ಚುಚ್ಚಿ, “ಅರ್ಧ ತಾಸು ನೋಡೂಣು,” ಎಂದರು. ಕಾಕಾ ರೆಪ್ಪೆ ಬಡಿಯದೆ ಆ ಕೈಯನ್ನೇ ನೋಡುತ್ತ ಕುಳಿತ. ದದ್ದೇನೂ ಏಳಲಿಲ್ಲ. ಪೂರಾ ಸೂಜಿ ಮಾಡಿದರು. ಡಾಕ್ಟರು ಹೋದರೂ ಕಾಕಾ ಏಳಲಿಲ್ಲ, ಅಪ್ಪನ ತುಟಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

“ಅವತ್ತ ನನಗ ಉಸರ ಸಿಗಲಿಲ್ಲಣ್ಣಾ,” ಎಂದ ಮೆಲ್ಲಗೆ. “ಸಾಯ್ತೇನಿ ಅಂದಕೊಂಡೆ. ನಿನಗ ಹಂಗ ಆಗಬಾರದು.”

ಅಪ್ಪನ ಕಣ್ಣಲ್ಲಿ ನೀರು ಬಂತು. ಬಾತ ಗಂಟಲಿನಿಂದ ಹೇಗೋ ಮಾತು ಹೊರಡಿಸಿದ: “ನಾ ಅವತ್ತ ನಗಬಾರದಿತ್ತೋ ತಮ್ಮಾ.”

ಕಾಕಾ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಗು ಅಣ್ಣಾ. ಬೇಕಾದಷ್ಟ ನಗು. ನೀ ಇದ್ದರ ಸಾಕು.”